ಮಗುವಿನ ಅಂಗಾಲಿನ ಬಿಸಿ

ನನ್ನ ಹೊಟ್ಟೆಪಾಡು ತಂಪಿನದ್ದು. ಎಂಬತ್ತರ ದಶಕದ ಆರಂಭದಲ್ಲಿ ಸೌದಿಯ ದಮ್ಮಾಮಿಗೆ ಹೋಗಿ ಒಂದು ಕಂಪನಿಯಲ್ಲಿ ಎ.ಸಿ. ರಿಪೇರಿಯ ಕೆಲಸಕ್ಕೆ ಸೇರಿದವನು ನಾನು. ಉಡುಪಿ ಕಡೆಯ ನಮಗೆ ಚಳಿ ಎಂದರೆ ಡಿಸೆಂಬರಿನ ಬೆಳಗಿನ ಜಾವ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಳ್ಳುವುದು, ಅಷ್ಟೆ. ನಾವು ಬಿಸಿ ಮಾಡುವುದು ನೀರನ್ನು, ಗಂಜಿಯನ್ನು, ಹೆಚ್ಚೆಂದರೆ ಬೆನ್ನನ್ನು. ಇಡೀ ಮನೆಯನ್ನು ಬಿಸಿ ಮಾಡುವ ವಿದ್ಯೆಯೊಂದು ಲೋಕದಲ್ಲಿ ಉಂಟು ಎಂದೇ ಗೊತ್ತಿರಲಿಲ್ಲ. ನಾನು ಕಲಿತದ್ದೆಲ್ಲ ಬಿಸಿಯನ್ನು ಹಿಡಿದು ಹೊರಗೆ ಹಾಕುವ ಕೆಲಸ. ಅದರಲ್ಲಿ ಮಾತ್ರ ನಾನು ಜಾಣ. ಬೇರೆಯವರು ಎರಡು ದಿನ ತಲೆ ಕೆಡಿಸಿಕೊಂಡ ಯಂತ್ರದ ದೋಷವನ್ನು ಅರ್ಧ ಗಂಟೆಯಲ್ಲಿ ಹಿಡಿಯುತ್ತಿದ್ದೆ, ಹಿಡಿದ ಮೇಲೆ ಅದನ್ನು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿಯೂ ಬಿಡುತ್ತಿದ್ದೆ.

ನಾವಿದ್ದ ಮನೆ ಮನೆಯಂತೆ ಇರಲಿಲ್ಲ. ಮಾಲೀಕ ಪಕ್ಕದ ಊರು ಖತೀಫಿನ ಕಡೆಯ ಒಬ್ಬ ದೊಡ್ಡ ಮನಸ್ಸಿನ ಮುದುಕ. ತನ್ನ ಗಂಡುಮಕ್ಕಳೆಲ್ಲ ನೆಂಟರೊಂದಿಗೆ ಕೂತು ಕಹ್ವಾ ಕುಡಿಯಲೆಂದು ನೆಲಮಹಡಿಯಲ್ಲಿ ಒಂದು ವಿಶಾಲವಾದ ಹಾಲ್ ಕಟ್ಟಿಸಿದ್ದ. ಮಕ್ಕಳು ಬೇರೆ ಊರುಗಳಲ್ಲಿ ಮನೆ ಮಾಡಿದರು. ಹಾಲ್‌ನ ಒಂದು ತುದಿಗೆ ಅಡುಗೆಕಟ್ಟೆ ಕಟ್ಟಿಸಿ, ಹಿಂದೆ ಬಚ್ಚಲು ಮಾಡಿಸಿ, ನಮಗೆ ಬಾಡಿಗೆಗೆ ಕೊಟ್ಟ. ನಡುವೆ ಒಂದು ಗೋಡೆಯಿಲ್ಲ. ಅಡುಗೆಕಟ್ಟೆಯ ಹತ್ತಿರ ಒಂದು ದಪ್ಪ ಕಂಬ, ಆಮೇಲೆ ಬರೀ ಅಮೃತಶಿಲೆಯ ನೆಲ. ಆಚೆ ತುದಿಯಲ್ಲಿ ನಮ್ಮ ಮಂಚ. ನನ್ನ ಹೆಂಡತಿ ಮೊದಲ ದಿನ ನಡುವೆ ನಿಂತು, "ಇಲ್ಲಿ ಮದುವೆ ಊಟ ಬಡಿಸ್ಬಹುದು ಮಾರಾಯ್ರೆ, ಸಂಸಾರ ಮಾಡುದು ಹೇಗೆ?" ಎಂದಿದ್ದಳು. ಬೇಸಿಗೆಯಲ್ಲಿ ಅದನ್ನು ತಂಪಾಗಿಡುವುದು ನನಗೊಂದು ಆಟವಾಗಿತ್ತು. ಚಳಿಗಾಲದ ಬಗ್ಗೆ ನಾವಿಬ್ಬರೂ ಯೋಚಿಸಲೇ ಇಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮಲ್ಲಿ ಮೀರಲಾಗದ ಮಾತು. ಏಳನೇ ತಿಂಗಳಲ್ಲೇ ಅವಳನ್ನು ಊರಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಆದರೆ ಕಾಗದಪತ್ರಕ್ಕೆ ಸಹಿ ಹಾಕಬೇಕಾದ ಕಫೀಲ್, ಅಂದರೆ ನನ್ನನ್ನು ಕೆಲಸಕ್ಕೆ ಕರೆಸಿಕೊಂಡ ಅರಬ್ ಧಣಿ, ಪರದೇಶಕ್ಕೆ ಹೋದವನು ಇವತ್ತು ನಾಳೆ ಎಂದು ಬರಲೇ ಇಲ್ಲ. ಅವನು ಬರುವುದರೊಳಗೆ ಮಗು ಬಂತು. ಹೆಣ್ಣುಮಗು, ಒಂದು ತಿಂಗಳು ಮೊದಲೇ, ಡಿಸೆಂಬರಿನ ನಡುವೆ. ನನ್ನ ಅಂಗೈಯಿಂದ ಮೊಣಕೈವರೆಗೆ ಮಲಗಿಸಿದರೆ ಇನ್ನೂ ಜಾಗ ಉಳಿಯುತ್ತಿತ್ತು. ಒಂಬತ್ತು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ದಿನಕ್ಕೆ ಒಂದು ಗಂಟೆ ಮಾತ್ರ ಗಾಜಿನ ಹೊರಗೆ ನಿಂತು ನೋಡಲು ಬಿಡುತ್ತಿದ್ದರು. ನನ್ನ ಹೆಂಡತಿ ಆ ಗಂಟೆ ಮುಗಿದ ಮೇಲೂ ಗಾಜಿನ ಮೇಲೆ ಕೈ ಇಟ್ಟುಕೊಂಡೇ ಇರುತ್ತಿದ್ದಳು.

ಹತ್ತನೆಯ ದಿನ ಮನೆಗೆ ಕಳಿಸುವಾಗ ಡಾಕ್ಟರು ಎರಡು ಮಾತು ಹೇಳಿದರು. ಮಗು ಇರುವ ಜಾಗದ ಬಿಸಿ ಏರಬಾರದು, ಇಳಿಯಬಾರದು. ತಣ್ಣಗಾದರೆ ಕುಡಿದ ಹಾಲೆಲ್ಲ ಮೈ ಬಿಸಿ ಮಾಡಿಕೊಳ್ಳುವುದಕ್ಕೇ ಖರ್ಚಾಗುತ್ತದೆ, ತೂಕ ಏರುವುದಿಲ್ಲ. ಒಂದು ವಾರ ಬಿಟ್ಟು ಒಮ್ಮೆ, ಅದಾದ ಎರಡು ವಾರಕ್ಕೆ ಇನ್ನೊಮ್ಮೆ ತೂಕ ನೋಡುವುದು. ಅಷ್ಟರಲ್ಲಿ ಏರದಿದ್ದರೆ ಮತ್ತೆ ಗಾಜಿನ ಪೆಟ್ಟಿಗೆ. ಕಾರಿನಲ್ಲಿ ಹೆಂಡತಿ ಮಗುವನ್ನು ಎದೆಗೊತ್ತಿಕೊಂಡು, "ನಾನು ಇನ್ನೊಮ್ಮೆ ಕೊಡುದಿಲ್ಲ. ಕೊಟ್ರೆ ನಾನು ಬದುಕುದಿಲ್ಲ" ಎಂದಳು. ಅವಳು ಮಾತಿಗೆ ಹೇಳುವವಳಲ್ಲ.

ಆ ಮದುವೆ ಚಪ್ಪರದಂಥ ಹಾಲ್ ಅನ್ನು ಹಗಲೂ ರಾತ್ರಿ ಒಂದೇ ಹದದಲ್ಲಿ ಬಿಸಿಯಾಗಿಡುವ ಕೆಲಸ ಹೀಗೆ ನನ್ನ ತಲೆಗೆ ಬಂತು. ಮೊದಲು ಒಂದು ಸಣ್ಣ ಫ್ಯಾನ್ ಹೀಟರ್ ತಂದೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅದರ ಮುಂದೆ ಕೂತವನ ಮೊಣಕಾಲು ಬಿಸಿಯಾಗುತ್ತಿತ್ತು, ಬೆನ್ನು ಹಾಗೇ ಇರುತ್ತಿತ್ತು. ಸೀಮೆಎಣ್ಣೆಯ ಹೀಟರ್ ತರೋಣವೆಂದರೆ ಅದರ ವಾಸನೆಗೆ ನನಗೇ ತಲೆನೋವು. ಕೊನೆಗೆ ಒಳಗೆ ಎಣ್ಣೆ ತುಂಬಿದ, ಚಕ್ರ ಇರುವ ಮೂರು ದೊಡ್ಡ ಕರೆಂಟ್ ಹೀಟರ್‌ಗಳನ್ನು ಆರಿಸಿದೆ. ಬಿಸಿಯಾಗಲು ಹೊತ್ತು ಹಿಡಿದರೂ ಸದ್ದಿಲ್ಲ, ಹೊಗೆಯಿಲ್ಲ. ಕಿಟಕಿ ಎ.ಸಿ.ಗಳ ಸಂದಿಯಿಂದ ಉತ್ತರದ ಗಾಳಿ ಸುಯ್ಯೆಂದು ಒಳಗೆ ಬರುತ್ತಿತ್ತು. ಅದಕ್ಕೆ ಸ್ಪಂಜು ತುರುಕಿ ಪ್ಲಾಸ್ಟಿಕ್ ಹೊದಿಸಿದೆ.

ಇಷ್ಟರಲ್ಲಿ ಉಮ್ಮ ಬಂದರು. ನಮ್ಮ ಕಂಪನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದ ಗೆಳೆಯನ ತಾಯಿ, ಮಂಗಳೂರಿನ ಆಚೆಯ ಬ್ಯಾರಿ ಹೆಂಗಸು. ಮೆಕ್ಕಾ ಯಾತ್ರೆಗೆ, ಉಮ್ರಾಕ್ಕೆಂದು ಬಂದವರು ಮಗನ ಮನೆಯಲ್ಲಿ ಉಳಿದುಕೊಂಡಿದ್ದರು. ಪರದೇಶದಲ್ಲಿ ಒಬ್ಬ ಬಾಣಂತಿ ತಾಯಿಯಿಲ್ಲದೆ ಇದ್ದಾಳೆಂದು ಮಗನ ಬಾಯಲ್ಲಿ ಕೇಳಿ, ಮರುದಿನವೇ ಒಂದು ಎಣ್ಣೆ ಬಾಟಲಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದು ನಿಂತರು. ಏಳು ಹೆತ್ತವರು, ಲೆಕ್ಕವಿಲ್ಲದಷ್ಟು ಮಕ್ಕಳಿಗೆ ನೀರೆರೆದವರು. ಗೆಳೆಯ ದಿನಾ ಬೆಳಿಗ್ಗೆ ಆರಕ್ಕೆ ಅವರನ್ನು ನಮ್ಮಲ್ಲಿ ಬಿಟ್ಟು, ನನ್ನನ್ನು ಕಾರಿಗೆ ಹತ್ತಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಸಂಜೆ ಬಂದು ಕರೆದುಕೊಂಡು ಹೋಗುತ್ತಿದ್ದ. ಅವನು ಅಮ್ಮನಿಗೆ ಉಮ್ಮ ಎನ್ನುತ್ತಿದ್ದ, ನಾವೂ ಅವರನ್ನು ಉಮ್ಮ ಎಂದೇ ಕರೆದೆವು.

ಬಂದ ದಿನವೇ ನಮ್ಮಿಬ್ಬರಿಗೆ ಜಗಳ. ಮನೆ ಮಾಲೀಕ ಪ್ರೀತಿಯಿಂದ ಒಂದು ಹಿತ್ತಾಳೆಯ ಅಗ್ಗಿಷ್ಟಿಕೆ ಕಳಿಸಿದ್ದ. ಉಮ್ಮನಿಗೆ ಅದನ್ನು ಕಂಡು ತವರೇ ಕಂಡಂತಾಯಿತು. ಕೆಂಡ ತುಂಬಿಸಿ ಬಾಣಂತಿಯ ಮಂಚದ ಕೆಳಗೆ ದೂಡಿದರು. ಸಂಜೆ ಬಂದ ನಾನು ಅದನ್ನು ನೋಡಿ ಕಿರುಚಿದೆ. ಕಿಟಕಿ ಬಾಗಿಲು ಮುಚ್ಚಿದ ಮನೆಯಲ್ಲಿ ಕೆಂಡ ಇಟ್ಟು ಮಲಗಿ ಏಳದೇ ಹೋದವರ ಸುದ್ದಿ ನಮ್ಮ ಕೆಲಸದವರಿಗೆ ಗೊತ್ತಿತ್ತು.

"ಊರಲ್ಲಿ ಎಲ್ಲ ಹೀಗೇ ಮಾಡುದಲ್ವಾ ಮಗಾ?" ಎಂದರು ಉಮ್ಮ.

"ಊರಿನ ಮನೆಗೆ ಹೆಂಚಿನ ಸಂದಿ ಉಂಟು, ಹೊಗೆ ಹೋಗ್ತದೆ. ಇಲ್ಲಿ ಎಲ್ಲಿ ಹೋಗ್ಬೇಕು? ನಿಮಗೆ ಗೊತ್ತಾಗುದಿಲ್ಲ ಉಮ್ಮ, ಬಿಸಿಯ ವಿಷಯ ನನಗೆ ಬಿಡಿ."

ಮಾತು ಸರಿಯೇ, ಹೇಳಿದ ಧಾಟಿ ಸರಿಯಿರಲಿಲ್ಲ. ಆದರೂ ಉಮ್ಮ ಮುನಿಸಿಕೊಳ್ಳಲಿಲ್ಲ. ಅಗ್ಗಿಷ್ಟಿಕೆಯನ್ನು ಹೊರಗಿನ ಮೆಟ್ಟಿಲಿಗೆ ಒಯ್ದು, ಅಲ್ಲಿ ಕೂತು ಮಗುವಿನ ಬಟ್ಟೆಗಳನ್ನು ಕೆಂಡದ ಮೇಲೆ ಹಿಡಿದು ಬೆಚ್ಚಗೆ ಮಾಡಿ ಒಳಗೆ ತರತೊಡಗಿದರು. ಆ ವಿಷಯದಲ್ಲಿ ನಾನು ಗೆದ್ದೆ. ಗೆದ್ದದ್ದೇ ಕೆಟ್ಟದ್ದಾಯಿತು, ಎಲ್ಲ ವಿಷಯದಲ್ಲೂ ನಾನೇ ಸರಿ ಎಂಬ ಗುಂಗು ಹತ್ತಿತು.

ಆ ವಾರ ನಾನು ನನ್ನ ದೊಡ್ಡ ಕೆಲಸ ಮಾಡಿದೆ. ಮೂರು ಹೀಟರ್‌ಗಳನ್ನೂ ಒಂದೇ ಥರ್ಮೋಸ್ಟಾಟಿಗೆ ಕಟ್ಟಿದೆ. ಥರ್ಮೋಸ್ಟಾಟ್ ಎಂದರೆ ಗೋಡೆಗೆ ಹಾಕುವ ಅಂಗೈಯಗಲದ ಪೆಟ್ಟಿಗೆ. ತನ್ನ ಸುತ್ತಲಿನ ಗಾಳಿ ನಾವು ಹೇಳಿದಷ್ಟು ಬಿಸಿಯಾದ ಕೂಡಲೇ ಟಕ್ ಎಂದು ಕರೆಂಟು ಕಡಿಯುತ್ತದೆ, ಆರಿದರೆ ಮತ್ತೆ ಟಕ್ ಎಂದು ಕೊಡುತ್ತದೆ. ಅದನ್ನು ಎಲ್ಲಿ ಹಾಕುವುದು ಎಂದು ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಬೇಸಿಗೆಯಲ್ಲಿ ಎ.ಸಿ.ಯ ಥರ್ಮೋಸ್ಟಾಟ್ ಹಾಕಿದ್ದ ಅಡುಗೆಕಟ್ಟೆಯ ಕಂಬದ ಮೇಲೆಯೇ, ಅದೇ ಮೊಳೆಗೆ ಹಾಕಿದೆ. ಮನೆಯಲ್ಲಿ ಎಲ್ಲಕ್ಕಿಂತ ಸೆಕೆಯ ಜಾಗ ಅದು. ಅಲ್ಲಿ ತಂಪಾದರೆ ಇಡೀ ಮನೆ ತಂಪಾದಂತೆ ಎಂಬುದು ನನ್ನ ಹಳೆಯ ಲೆಕ್ಕ. ಗೆಳೆಯನನ್ನು ಕರೆದು ತೋರಿಸಿದೆ, ಹೆಂಡತಿಗೆ ತೋರಿಸಿದೆ, ಮಗುವಿಗೂ ತೋರಿಸಿದೆ. ಉಮ್ಮ ಕಂಬದ ಹತ್ತಿರ ಬಂದು ಆ ಪೆಟ್ಟಿಗೆಯನ್ನು ನೋಡಿ, "ಇದಕ್ಕೆ ಮಗುವಿಗೆ ಚಳಿ ಆದದ್ದು ಗೊತ್ತಾಗ್ತದಾ?" ಎಂದು ಕೇಳಿದರು. ನಾನು ನಕ್ಕು, "ನಿಮಗಿಂತ ಮೊದಲು ಗೊತ್ತಾಗ್ತದೆ" ಎಂದೆ.

ಮೊದಲ ತೂಕಕ್ಕೆ ಹೋದೆವು. ಏರಲಿಲ್ಲ. ಮನೆಗೆ ಬಂದಾಗ ಇದ್ದುದಕ್ಕಿಂತ ಒಂದು ಚಿಟಿಕೆ ಕಡಿಮೆಯೇ ಇತ್ತು. ಡಾಕ್ಟರು ಕಾಗದದ ಮೇಲೆ ಬರೆದುಕೊಂಡರು. ನನ್ನ ಹೆಂಡತಿ ಆ ದಿನ ಊಟ ಮಾಡಲಿಲ್ಲ. ನಾನು ಸಂಜೆ ಕಂಬದ ಬಳಿ ನಿಂತು ಉಷ್ಣಮಾಪಕ ಹಿಡಿದು ನೋಡಿದೆ. ಸರಿಯಾಗಿತ್ತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ನೋಡಿದೆ. ಸರಿಯಾಗಿತ್ತು. ನನ್ನ ಕೆಲಸದಲ್ಲಿ ತಪ್ಪಿಲ್ಲ ಅಂದ ಮೇಲೆ ತಪ್ಪು ಬೇರೆ ಯಾರದೋ ಇರಲೇಬೇಕಲ್ಲ?

"ಬೆಳಿಗ್ಗೆ ಹೊತ್ತು ಕಾಲು ತಣ್ಣಗೆ ಆಗ್ತದೆ ಮಗಾ" ಎಂದರು ಉಮ್ಮ. ಅವರು ಉಷ್ಣಮಾಪಕ ನೋಡುವವರಲ್ಲ. ಕೈಯನ್ನು ತಿರುಗಿಸಿ ಬೆರಳಿನ ಹಿಂಬದಿಯನ್ನು ಮಗುವಿನ ಅಂಗಾಲಿಗೆ ಮುಟ್ಟಿಸುತ್ತಿದ್ದರು, ಗಂಟೆಗೊಮ್ಮೆ, ಅಕ್ಕಿ ಆರಿಸುತ್ತಿದ್ದರೂ ಎದ್ದು ಬಂದು. "ಅನ್ನ ಬೇಯುವಾಗ ಕಾಲು ತಣ್ಣಗಾಗ್ತದೆ. ಅನ್ನ ಬಸಿದು ಸ್ವಲ್ಪ ಹೊತ್ತಿಗೆ ಬಿಸಿ ಬರ್ತದೆ. ನಾನು ಮೂರು ದಿವಸದಿಂದ ನೋಡ್ತಾ ಇದ್ದೇನೆ."

ನಾನು ನಕ್ಕುಬಿಟ್ಟೆ. ಅದೂ ಗೆಳೆಯನ ಎದುರಿಗೆ. "ಇನ್ನು ಸಾರು ಕುದಿಯುವಾಗ ಕಿವಿ ತಣ್ಣಗಾಗ್ತದಾ ಉಮ್ಮ?" ಎಂದೆ. ಆಮೇಲೆ ನಗು ನಿಲ್ಲಿಸಿ, ಹೇಳಬಾರದ್ದನ್ನು ಹೇಳಿದೆ. "ಬೆಳಿಗ್ಗೆ ತಣ್ಣಗಾಗುದು ನಿಮ್ಮ ಸ್ನಾನದಿಂದ. ಎಣ್ಣೆ ಹಚ್ಚಿ ಬರಿಮೈ ಮಾಡಿ ಅರ್ಧ ಗಂಟೆ ಇಡ್ತೀರಿ. ನಾಳೆಯಿಂದ ಮಗುವಿಗೆ ನೀರೆರೆಯುದು ಬೇಡ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಉಮ್ಮ ನನ್ನನ್ನೇ ನೋಡಿದರು. "ಆಯ್ತು" ಎಂದರು, ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸಿ ಕಪಾಟಿನಲ್ಲಿಟ್ಟರು. ಮರುದಿನವೂ ಬೆಳಿಗ್ಗೆ ಆರಕ್ಕೆ ಬಂದರು. ಅನ್ನ ಮಾಡಿದರು, ಬಾಣಂತಿಗೆ ನೀರು ಕಾಯಿಸಿದರು, ಬಟ್ಟೆ ಬಿಸಿ ಮಾಡಿದರು. ಮಗುವಿನ ಮೈ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಆ ರಾತ್ರಿ ಹೆಂಡತಿ ನನ್ನ ಕಡೆ ಬೆನ್ನು ಹಾಕಿ ಮಲಗಿ, "ನನ್ನ ಅಮ್ಮನಿಗೆ ಹೀಗೆ ಹೇಳ್ತಿದ್ರಾ ನೀವು?" ಎಂದು ಕೇಳಿದಳು.

ಎರಡನೆಯ ತೂಕಕ್ಕೆ ಎಂಟು ದಿನ ಉಳಿದಿರುವಾಗ ಶುಕ್ರವಾರ ಬಂತು. ರಜೆಯ ದಿನ, ಆದರೂ ಉಮ್ಮ ಬಂದರು. ಮಗುವಿನ ಸ್ನಾನ ನಿಂತು ಎರಡು ದಿನವಾಗಿತ್ತು. ನಾನು ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಮಂಚದ ಮೇಲೆ ಕೂತಿದ್ದೆ. ಹಿಂದಿನ ಶುಕ್ರವಾರ ತುರ್ತು ರಿಪೇರಿಗೆ ಹೋಗಿದ್ದರಿಂದ, ಬೆಳಗಿನ ಆ ಹೊತ್ತಿನಲ್ಲಿ ನಾನು ಮನೆಯಲ್ಲಿ ಕೂತಿದ್ದು ಅದೇ ಮೊದಲು. ಏಳು ಗಂಟೆಗೆ ಉಮ್ಮ ಎರಡು ಒಲೆ ಹಚ್ಚಿದರು. ಒಂದರ ಮೇಲೆ ಕುಚ್ಚಲಕ್ಕಿ. ನಮ್ಮ ಕಡೆಯ ಈ ಕೆಂಪಕ್ಕಿಯ ಹಟ ಎಲ್ಲರಿಗೂ ಗೊತ್ತು, ಒಂದೂವರೆ ಗಂಟೆ ಕುದಿಯದೆ ಅದು ಅನ್ನವಾಗುವುದಿಲ್ಲ. ಇನ್ನೊಂದರ ಮೇಲೆ ಬಾಣಂತಿಯ ಸ್ನಾನಕ್ಕೆ ದೊಡ್ಡ ಪಾತ್ರೆಯಲ್ಲಿ ನೀರು. ಊರಿನಲ್ಲಾದರೆ ಅದು ಬಚ್ಚಲಿನ ಹಂಡೆಯಲ್ಲಿ ಕಾಯುತ್ತದೆ, ಇಲ್ಲಿ ಹಂಡೆಯೆಲ್ಲಿ? ಅಡುಗೆಕಟ್ಟೆಯ ಸುತ್ತ ಆವಿ ಎದ್ದು ಕಂಬವೇ ಮಸುಕಾಯಿತು.

ಟಕ್.

ನಾನು ತಲೆ ಎತ್ತಿದೆ. ಆ ಸದ್ದು ನನಗೆ ಎಷ್ಟು ಪರಿಚಿತವೆಂದರೆ ನಿದ್ದೆಯಲ್ಲೂ ಗುರುತು ಹಿಡಿಯುತ್ತಿದ್ದೆ. ಮತ್ತೆ ಹಚ್ಚಿಕೊಳ್ಳುವ ಟಕ್‌ಗಾಗಿ ಕಾದೆ. ಬರಲಿಲ್ಲ. ಐದು ನಿಮಿಷ, ಹತ್ತು ನಿಮಿಷ, ಕಾಲು ಗಂಟೆ. ಕುಚ್ಚಲಕ್ಕಿ ಕುದಿಯುತ್ತಲೇ ಇತ್ತು. ಮಂಚದ ಪಕ್ಕದ ಹೀಟರ್ ಮೇಲೆ ಕೈಯಿಟ್ಟೆ. ಆರುತ್ತಿತ್ತು. ಅರ್ಧ ಗಂಟೆ ಕಳೆದಾಗ ಪೂರಾ ಆರಿತ್ತು, ಕಾಲ ಕೆಳಗಿನ ಕಲ್ಲಿನಿಂದ ಚಳಿ ಏಳುತ್ತಿತ್ತು. ನಾನು ಮಗುವಿನ ಹೊದಿಕೆ ಸರಿಸಿ, ಉಮ್ಮ ಮಾಡುವ ಹಾಗೆ ಬೆರಳಿನ ಹಿಂಬದಿಯಿಂದ ಅಂಗಾಲು ಮುಟ್ಟಿದೆ. ಬಾವಿಯ ಹಗ್ಗದಂತೆ ತಣ್ಣಗಿತ್ತು.

ಮಗುವನ್ನು ಹೆಂಡತಿಗೆ ಕೊಟ್ಟು ಕಂಬದ ಹತ್ತಿರ ಹೋದೆ. ಅಲ್ಲಿ ಬೆವರು ಬರುವಷ್ಟು ಸೆಕೆ. ನನ್ನ ಜಾಣ ಪೆಟ್ಟಿಗೆ ಅನ್ನದ ಬಿಸಿಯನ್ನೇ ಮನೆಯ ಬಿಸಿ ಎಂದುಕೊಂಡು, ಆಚೆ ತುದಿಯಲ್ಲಿ ಚಳಿಯಲ್ಲಿದ್ದ ಮಗುವಿನ ಹೀಟರ್ ಆರಿಸಿ ಆರಾಮಾಗಿ ಕೂತಿತ್ತು. ದಿನಾ ಬೆಳಿಗ್ಗೆ, ಎಲ್ಲಕ್ಕಿಂತ ಹೆಚ್ಚು ಚಳಿಯ ಹೊತ್ತಿನಲ್ಲಿ, ಮಗು ಸ್ನಾನ ಮುಗಿಸಿ ಬರುವ ಹೊತ್ತಿನಲ್ಲಿ. ಹೊರಗೆ ಹೋಗುವ ಮೊದಲು ನೋಡಿದವನು ನಾನು, ಸಂಜೆ ಬಂದು ನೋಡಿದವನು ನಾನು, ಎರಡು ಸಲವೂ ನೋಡಿದ್ದು ಕಂಬವನ್ನು. ಮಗುವಿನ ಹತ್ತಿರ ಒಂದು ದಿನವೂ ಅಳೆಯಲಿಲ್ಲ. ಇಡೀ ಕಂಪನಿಯ ದೋಷ ಹುಡುಕುವವನ ದೀಪದ ಬುಡದಲ್ಲೇ ಕತ್ತಲೆ.

ಉಮ್ಮ ಸೌಟು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಉಮ್ಮ, ನೀವು ಹೇಳಿದ್ದು ಸರಿ. ಅನ್ನ ಬೇಯುವಾಗಲೇ" ಎಂದೆ. "ನಾನು ನಕ್ಕದ್ದು ತಪ್ಪು. ಸ್ನಾನಕ್ಕೆ ಹೇಳಿದ್ದು ಅದಕ್ಕಿಂತ ದೊಡ್ಡ ತಪ್ಪು."

"ತಪ್ಪು ಎಂತದ್ದು ಮಗಾ, ನಿನಗೆ ಮಗು ಹೊಸತು" ಎಂದರು. ಆಮೇಲೆ ಗಂಜಿ ತಿಳಿ ನೋಡುತ್ತ, ಬಹಳ ದಿನದಿಂದ ಇಟ್ಟುಕೊಂಡಿದ್ದ ಮಾತನ್ನೂ ಹೇಳಿದರು. "ಆದ್ರೆ ಒಂದು ಕೇಳ್ತೇನೆ. ಒಂದು ಮುಷ್ಟಿ ಮಗುವಿಗೆ ನೀನು ಇಷ್ಟು ದೊಡ್ಡ ಗದ್ದೆಗೆ ಯಾಕೆ ಬೆಂಕಿ ಹಾಕುದು? ಮಗು ಉಂಟಲ್ವಾ, ಅಲ್ಲಿ ಮಾತ್ರ ಬಿಸಿ ಮಾಡು."

ಆ ದಿನ ನಾನು ಉಮ್ಮನ ಕೈಕೆಳಗಿನ ಕೆಲಸಗಾರ. ಗೋಡೆಯಿಂದ ಗೋಡೆಗೆ ತಂತಿ ಕಟ್ಟಿದೆ. ಹೆಂಡತಿ ಪೆಟ್ಟಿಗೆಯಿಂದ ಸೀರೆಗಳನ್ನು ತೆಗೆದಳು, ಮದುವೆಯ ಸೀರೆ ಸಹ. ಉಮ್ಮ ಎರಡು ದಪ್ಪ ಹೊದಿಕೆ ತರಿಸಿ ಸೀರೆಗಳ ಹಿಂದೆ ಜೋತು ಬಿಟ್ಟರು. ಮಂಚ, ತೊಟ್ಟಿಲು, ಒಂದು ಕುರ್ಚಿ ಹಿಡಿಯುವಷ್ಟು ಕೋಣೆಯಾಯಿತು. ನೆಲಕ್ಕೆ ಮಾಲೀಕನ ಹಳೆಯ ಜಮಖಾನೆ. ಮೂರು ಹೀಟರ್‌ಗಳಲ್ಲಿ ಎರಡನ್ನು ಮೂಲೆಗೆ ತಳ್ಳಿದೆವು, ಒಂದೇ ಸಾಕಾಯಿತು. ಕಂಬದಿಂದ ಪೆಟ್ಟಿಗೆ ಕಿತ್ತು ಹೊಸ ತಂತಿ ಎಳೆದು ತಂದೆ. ಸ್ಕ್ರೂಡ್ರೈವರ್ ಹಿಡಿದು ಗೋಡೆಯ ಮುಂದೆ ನಿಂತು ಕೇಳಿದೆ: "ಎಲ್ಲಿ ಹಾಕ್ಲಿ ಉಮ್ಮ?"

ಉಮ್ಮ ತೊಟ್ಟಿಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮಗುವಿನ ಕಾಲಿನ ಮಟ್ಟಕ್ಕೆ ಸರಿಯಾಗಿ ಗೋಡೆಯ ಮೇಲೆ ಅಂಗೈ ಒತ್ತಿ ತೋರಿಸಿದರು. ಅವರ ಕೈಯಲ್ಲಿದ್ದ ಅಡುಗೆ ಎಣ್ಣೆಯ ಗುರುತು ಗೋಡೆಯ ಮೇಲೆ ಉಳಿಯಿತು. ಅಲ್ಲೇ ಮೊಳೆ ಹೊಡೆದೆ. ಎಣ್ಣೆ ಬಾಟಲಿಯನ್ನು ಕಪಾಟಿನಿಂದ ನಾನೇ ತಂದುಕೊಟ್ಟೆ.

ಆಮೇಲಿನ ದಿನಗಳಲ್ಲಿ ಬೆಳಿಗ್ಗೆ ಕುಚ್ಚಲಕ್ಕಿ ತನ್ನಷ್ಟಕ್ಕೆ ಕುದಿಯುತ್ತಿತ್ತು, ಹೀಟರ್ ತನ್ನಷ್ಟಕ್ಕೆ ಹಚ್ಚಿಕೊಂಡು ಆರುತ್ತಿತ್ತು. ಉಮ್ಮ ಕಾಲು ಮುಟ್ಟಿ ನೋಡುವುದನ್ನು ಮಾತ್ರ ಬಿಡಲಿಲ್ಲ. ನನ್ನ ಪೆಟ್ಟಿಗೆಯ ಮೇಲೆ ಅವರಿಗೆ ಕೊನೆಯವರೆಗೂ ಅರ್ಧ ನಂಬಿಕೆಯೇ. ನನಗೂ ಹಾಗೇ ಆಗಿತ್ತು. ಕೆಲಸದಿಂದ ಬಂದ ಕೂಡಲೇ ಕೈ ತೊಳೆದು ಪರದೆಯೊಳಗೆ ನುಗ್ಗಿ ಅಂಗಾಲು ಮುಟ್ಟುತ್ತಿದ್ದೆ. ಹೆಂಡತಿ ನಗುತ್ತಿದ್ದಳು. ಅವಳ ನಗು ಕೇಳಿ ಬಹಳ ದಿನವಾಗಿತ್ತು.

ಎರಡನೆಯ ತೂಕದ ದಿನ ಉಮ್ಮನೂ ಆಸ್ಪತ್ರೆಗೆ ಬಂದರು. ಹೊರಗಿನ ಬೆಂಚಿನಲ್ಲಿ ಕೂತು ಕಾಯುತ್ತಿದ್ದೆವು. ಹೆಂಡತಿ ಮಗುವನ್ನು ಅಪ್ಪಿಕೊಂಡಿದ್ದಳು. ಉಮ್ಮ ನರ್ಸಿನೊಂದಿಗೆ ಮಾತಿಗಿಳಿದಿದ್ದರು. ಅವಳ ಮಲಯಾಳಕ್ಕೂ ಇವರ ಬ್ಯಾರಿ ಮಾತಿಗೂ ಹೇಗೋ ನಂಟು ಕುದುರಿತ್ತು. ನಡುವೆ ತಿರುಗಿದವರು ಏನೋ ಹೇಳಲೆಂದು ನನ್ನ ಕೈ ಹಿಡಿದರು, ಹಿಡಿದು ಬೆಚ್ಚಿದರು.

"ಎಂತ ಮಗಾ ಇದು! ಮಗುವಿನ ಕಾಲು ಬಿಸಿ ಉಂಟು, ನಿನ್ನ ಕೈ ಐಸಿನ ಹಾಗೆ!"

ಹೆದರಿದ್ದೇನೆ ಎಂದು ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. ಉಮ್ಮ ನನ್ನ ಎರಡೂ ಕೈಗಳನ್ನು ತಮ್ಮ ಒರಟು ಅಂಗೈಗಳ ನಡುವೆ ಇಟ್ಟು, ಮಗುವಿಗೆ ಎಣ್ಣೆ ಹಚ್ಚುವ ಹಾಗೆಯೇ ಉಜ್ಜಿದರು. ಅಷ್ಟು ಜನರ ಎದುರು, ಮೀಸೆ ಬಂದ ಗಂಡಸು ನಾನು, ಸುಮ್ಮನೆ ಉಜ್ಜಿಸಿಕೊಂಡು ಕೂತಿದ್ದೆ. ನನ್ನ ತಾಯಿ ನೆನಪಾದಳು.

ಒಳಗೆ ಕರೆದರು. ಹೆಂಡತಿ ಮಗುವನ್ನು ತಕ್ಕಡಿಯ ಮೇಲೆ ಮಲಗಿಸಿ ಒಂದು ಕೈಯನ್ನು ಅದರ ಅಂಚಿನಲ್ಲೇ ಇಟ್ಟುಕೊಂಡಳು. ಮುಳ್ಳು ಅಲುಗಾಡಿ ನಿಂತಿತು. ನರ್ಸು ಓದಿದಳು, ಡಾಕ್ಟರು ಹಳೆಯ ಕಾಗದ ತೆಗೆದು ನೋಡಿದರು, ಮತ್ತೊಮ್ಮೆ ತೂಗಿಸಿದರು. ಏರಿತ್ತು. ಹುಟ್ಟಿದಾಗಿನದಕ್ಕಿಂತ ಮೇಲೆ, ಅವರು ಕೇಳಿದ್ದಕ್ಕಿಂತಲೂ ಮೇಲೆ. "ಏನು ಮಾಡಿದಿರಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಮಗುವನ್ನು ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿ ನಿಂತಿದ್ದಳು. "ಮನೆಗೆ ಹೋಗುವ" ಎಂದಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

ಮನೆಗೆ ಬಂದವರು ನಾವು ಮೂವರೂ ಪರದೆಯೊಳಗೆ ಹೋಗಿ ಮಗುವನ್ನು ತೊಟ್ಟಿಲಿಗೆ ಹಾಕಿದೆವು. ಗಾಜಿನ ಪೆಟ್ಟಿಗೆಯ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಹೊತ್ತಾಗಿತ್ತು, ಎಲ್ಲರಿಗೂ ಹಸಿವು. ಉಮ್ಮ ತಲೆಯ ಬಟ್ಟೆ ಬಿಗಿ ಮಾಡಿಕೊಂಡು ಅಡುಗೆಕಟ್ಟೆಗೆ ಹೋಗಿ ಕುಚ್ಚಲಕ್ಕಿಗೆ ನೀರಿಟ್ಟರು. ನಾನು ತೊಟ್ಟಿಲ ಪಕ್ಕ ಕೂತು, ಅನ್ನ ಬೇಯುವವರೆಗೂ ಮಗುವಿನ ಅಂಗಾಲು ಹಿಡಿದುಕೊಂಡಿದ್ದೆ.